ಎಣ್ಣೆ ಹಚ್ಚದ ಬೈರಿಗೆ

ಉಚ್ಚೆಂಗಪ್ಪ ತೀರಿಕೊಂಡು ಇವತ್ತಿಗೆ ಇಪ್ಪತ್ತೆರಡು ದಿನ. ದರೋಜಿಯ ಹತ್ತಿರ ಒಂದು ಬಾವಿಯ ದಂಡೆಯ ಗುಡಿಸಲಿನಲ್ಲಿ ಐದು ದಿನ ಜ್ವರದಿಂದ ಮಲಗಿ ಹೋದ. ಸುದ್ದಿ ತಿಳಿದು ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದವರು ಕೈಕಾಲು ತೊಳೆಯುತ್ತಿದ್ದರು. ಕೊನೆಗೆ ಅವನ ಮುಖ ನೋಡಲಿಲ್ಲವಲ್ಲ ಎಂಬುದು ಬಿಡದೆ ಕಾಡುತ್ತದೆ. ಬರೆದರೆ ಸ್ವಲ್ಪ ಕಡಿಮೆಯಾದೀತೆಂದು ಕೂತಿದ್ದೇನೆ. ದೊಡ್ಡವರ ಚರಿತ್ರೆಗಳನ್ನು ಬೇಕಾದಷ್ಟು ಓದಿದ್ದೇನೆ. ಅವುಗಳಲ್ಲಿ ಇಂಥವನು ಬಾವಿ ತೋಡಿಸಿದ ದೊರೆಯ ಹೆಸರಿನ ಕೆಳಗೆ ಎಲ್ಲೋ ಇರುತ್ತಾನೆ, ಹೆಸರಿಲ್ಲದೆ.

ಅವನು ಭೂಮಿ ಕೊರೆಯುವ ಕೆಲಸದವನು. ನಮ್ಮ ಸೀಮೆಯಲ್ಲಿ ಹೊಳೆಕಾಲುವೆ ಮುಟ್ಟದ ಊರುಗಳಲ್ಲಿ ಬೇಸಿಗೆ ಬಂದರೆ ತೋಡುಬಾವಿಗಳ ತಳ ಕಾಣುತ್ತದೆ. ಆಗ ಆ ತಳದಲ್ಲಿ ನಿಂತು ಇನ್ನೂ ಆಳಕ್ಕೆ ಕೊರೆಯಬೇಕು. ಬಡಗಿ ಮರ ಕೊರೆಯುವ ಬೈರಿಗೆಯನ್ನೇ ಆಳೆತ್ತರ ಮಾಡಿದಂತಹ ಒಂದು ಕಬ್ಬಿಣ. ಅದರ ತಲೆಗೆ ಸರಳಿಗೆ ಸರಳು ಜೋಡಿಸುತ್ತ ಹೋಗುತ್ತಾರೆ. ಮೇಲಿನ ಅಡ್ಡಹಿಡಿಗೆ ನಾಲ್ಕು ಜನ ಕೈ ಕೊಟ್ಟು ಗಾಣದೆತ್ತಿನಂತೆ ಸುತ್ತುತ್ತಾರೆ. ಕೆಳಗೆ ಹಳದಿ ಜೇಡಿಮಣ್ಣಿನ ದಪ್ಪ ಪದರ, ಅದರ ಕೆಳಗೆ ಮರಳು, ಮರಳಿನಲ್ಲಿ ನೀರು. ಜೇಡಿ ದಾಟುವುದೇ ಕಷ್ಟ. ಅದು ಬೈರಿಗೆಯ ಅಲಗಿಗೆ ಅಂಟಿ, ಅಂಟಿದ್ದರ ಮೇಲೆ ಮತ್ತೆ ಅಂಟಿ, ಕಬ್ಬಿಣ ಗಡಿಗೆಯಷ್ಟು ದಪ್ಪವಾಗುತ್ತದೆ. ಆಮೇಲೆ ಅದು ಕೆಳಗೂ ಇಳಿಯದು, ಮೇಲಕ್ಕೂ ಬಾರದು.

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ತೋಟಪ್ಪನವರು ಇಂಥದೊಂದು ಸೆಟ್ಟನ್ನು ಮದರಾಸಿನಿಂದ ತರಿಸಿ ಸುತ್ತಲಿನ ಊರುಗಳಿಗೆ ಕಳಿಸುತ್ತಿದ್ದರು. ಸೆಟ್ಟು ನೋಡಿಕೊಳ್ಳಲು ಇದ್ದ ಮೊದಲಿನವನು ಬೈರಿಗೆ ನೆಲದೊಳಗೆ ಇರುವಾಗಲೇ ಊರಿಗೆ ಹಬ್ಬಕ್ಕೆ ಹೋಗಿದ್ದ. ಮೂರನೆಯ ದಿನ ಬಂದರೆ ಜೇಡಿ ಉಬ್ಬಿ ಹಿಡಿದಿತ್ತು. ಎತ್ತು ಕಟ್ಟಿ ಎಳೆಸಿದರೆ ಸರಳು ತುಂಡಾಯಿತು. ಆ ಬೈರಿಗೆ ಈಗಲೂ ಭೂಮಿಯೊಳಗೇ ಇದೆ. ಆದಕಾರಣ ಎರಡನೆಯ ಬೈರಿಗೆ ಬಂದಾಗ ತೋಟಪ್ಪನವರು ಉಚ್ಚೆಂಗಪ್ಪನ ಕೈಯನ್ನು ಅದರ ಮೇಲೆ ಇಡಿಸಿ ಮಾತು ತೆಗೆದುಕೊಂಡರು. ಕಬ್ಬಿಣ ಒಳಗಿರುವಾಗ ಬಾವಿ ಬಿಟ್ಟು ಹೋಗುವುದಿಲ್ಲ ಎಂದು ಅವನು ತನ್ನ ಹೆಸರಿನ ದೇವತೆ ಉಚ್ಚೆಂಗಮ್ಮನ ಮೇಲೆ ಆಣೆ ಇಟ್ಟ.

ನಾನಾಗ ಮೆಟ್ರಿಯ ಶಾಲೆಯಲ್ಲಿ ಮೇಷ್ಟರು. ಅವನು ನನ್ನಲ್ಲಿಗೆ ಮೊದಲು ಬಂದದ್ದು ಒಡೆದ ಸ್ಲೇಟಿನ ಚೂರುಗಳನ್ನು ಕೇಳಿಕೊಂಡು. ಏತಕ್ಕೆ ಎಂದೆ. ಅಲಗು ತಿಕ್ಕಿ ನುಣುಪು ಮಾಡುವುದಕ್ಕೆ ಎಂದ. ಬೇರೆಯವರು ಅಲಗಿಗೆ ಅಂಟಿದ ಮಣ್ಣನ್ನು ಕಬ್ಬಿಣದ ಪಟ್ಟಿಯಿಂದ ಕೆರೆದು ತೆಗೆಯುತ್ತಿದ್ದರು. ಇವನು ಎಮ್ಮೆಕೊಂಬನ್ನು ಸೀಳಿ ಮಾಡಿದ ಒಂದು ತುಂಡನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದ.

"ಕಬ್ಬಿಣದ್ಲೆ ಕಬ್ಬಿಣ ಕೆರದ್ರ ಗೆರಿ ಬೀಳ್ತಾವ ಮೇಷ್ಟ್ರ. ಮಣ್ಣು ಆ ಗೆರಿ ಹಿಡಕಂಡು ಕುಂದ್ರತೈತಿ. ಅದಕ್ಕ ಕುಂದ್ರಾಕ ಜಾಗ ಕೊಡಬಾರ್ದು."

ಅವನ ಕೆಲಸಕ್ಕೆ ಒಂದು ಕ್ರಮವಿತ್ತು. ನಾಲ್ಕು ಸುತ್ತು, ಒಂದು ಎತ್ತು. ಐದನೆಯ ಸುತ್ತು ಎಂದೂ ಇಲ್ಲ. ಎತ್ತಿದೊಡನೆ ಕೊಂಬಿನಿಂದ ಮಣ್ಣು ಬಳಿದು, ಒಣ ಅರಿವೆಯಿಂದ ಒರೆಸಿ, ಬೆಚ್ಚಗೆ ಕಾಸಿದ ಔಡಲೆಣ್ಣೆ ಹಚ್ಚಿ ಮತ್ತೆ ಇಳಿಸುವುದು. ದಿನಕ್ಕೆ ನೂರು ಸಲವಾದರೂ ಇದು ನಡೆಯುತ್ತಿತ್ತು. ಅಡ್ಡಹಿಡಿಯ ಆಳುಗಳು ಬೇಸರಪಟ್ಟು, ಹೆಂಡತಿ ತಲೆಗೂ ನೀನು ಇಷ್ಟು ಎಣ್ಣೆ ಹಚ್ಚಿರಲಿಕ್ಕಿಲ್ಲ ಎಂದು ಛೇಡಿಸುತ್ತಿದ್ದರು. "ಅಕಿ ಕರದ್ರ ಬರ್ತಾಳಲೇ, ಇದು ಕರದ್ರ ಬರಂಗಿಲ್ಲ" ಎಂದು ಇವನು ಎಣ್ಣೆಗೆ ಕೈ ಅದ್ದುತ್ತಿದ್ದ. ಅವನ ಕೈಯಲ್ಲಿ ಒಂದು ಸಲವೂ ಬೈರಿಗೆ ಸಿಕ್ಕಿಬಿದ್ದಿರಲಿಲ್ಲ. ಸಂಜೆ ಶಾಲೆಯ ಜಗಲಿಗೆ ಬಂದು ಕೂತರೆ ಮೈಯೆಲ್ಲ ಔಡಲೆಣ್ಣೆಯ ವಾಸನೆ. ನಾನು ಓದುತ್ತಿದ್ದುದನ್ನು ಗಟ್ಟಿಯಾಗಿ ಓದಿ ಎನ್ನುತ್ತಿದ್ದ. ಅರ್ಥವಾದರೆ ಹೂಂಗುಡುತ್ತಿದ್ದ, ಆಗದಿದ್ದರೆ ಸುಮ್ಮನಿರುತ್ತಿದ್ದ. ಅವನಷ್ಟು ಒಳ್ಳೆಯ ಕೇಳುಗ ನನಗೆ ಮತ್ತೆ ಸಿಕ್ಕಿಲ್ಲ.

ಬಾವಿ ಅವನಿಗೆ ಸಾಕಾಗಿತ್ತು. ಇದನ್ನು ಅವನು ನನ್ನೆದುರು ಮಾತ್ರ ಹೇಳಿದ್ದ. ವರ್ಷದ ಎಂಟು ತಿಂಗಳು ಮೂವತ್ತು ಅಡಿ ಕೆಳಗೆ ನಿಂತು ತಟ್ಟೆಯಗಲದ ಆಕಾಶ ನೋಡುವ ಬಾಳು. ಹೆಂಡತಿ ಹಂಪಮ್ಮ ತವರೂರಾದ ಬುಕ್ಕಸಾಗರದಲ್ಲಿ ಕೂಲಿಗೆ ನಾಟಿ ಹಾಕಿಕೊಂಡು ಒಬ್ಬಳೇ ಇದ್ದಳು. ಮೂವತ್ತೇಳನೆಯ ಇಸವಿಯಲ್ಲಿ ಒಂದು ದಾರಿ ಕಂಡಿತು. ಅವಳ ಸೋದರಮಾವ ಎರ್ರಿಯಪ್ಪ ತನ್ನ ಎರಡೆಕರೆ ಗದ್ದೆಯನ್ನು ಇವರಿಗೆ ಪಾಲಿಗೆ ಕೊಡಲು ಒಪ್ಪಿದ. ಆದರೆ ಊರಿನವರು ಅವನ ಕಿವಿ ಕಚ್ಚಿದ್ದರು: ಬಾವಿಯವನಿಗೆ ಗದ್ದೆ ಕೊಟ್ಟರೆ ಗದ್ದೆ ಬೀಳು ಬೀಳುತ್ತದೆ, ಅವನು ಎಂದು ಬರುತ್ತಾನೋ ಎಂದು ಹೋಗುತ್ತಾನೋ. ಅದಕ್ಕೆ ಎರ್ರಿಯಪ್ಪ ಒಂದು ಕರಾರು ಹಾಕಿದ. ಕಾಲುವೆಗೆ ನೀರು ಬಿಟ್ಟ ದಿನ ಉಚ್ಚೆಂಗಪ್ಪ ಸ್ವತಃ ಬಂದು ಗದ್ದೆಗೆ ಮಡೆ ತಿರುಗಿಸಿ ನೀರು ಹಾಯಿಸಬೇಕು. ಬಂದರೆ ಗದ್ದೆ ಅವನದು, ಇಲ್ಲವಾದರೆ ಕೇಳಿಕೊಂಡು ನಿಂತಿರುವ ಇನ್ನೊಬ್ಬನದು. ಆ ವರ್ಷ ಕಾರಹುಣ್ಣಿಮೆ ಕಳೆದು ಬರುವ ಎರಡನೆಯ ಸೋಮವಾರ ನೀರು ಬಿಡುವುದೆಂದು ಗೊತ್ತಾಗಿತ್ತು.

ಅದಕ್ಕೆ ಒಂದು ವಾರ ಮುಂಚೆ, ಅಂದರೆ ಮೊದಲನೆಯ ಸೋಮವಾರ, ಮೆಟ್ರಿಯ ಚೆನ್ನಬಸಮ್ಮನವರ ಬಾವಿಯಲ್ಲಿ ಅವನ ಕೊನೆಯ ಕೆಲಸ ಶುರುವಾಗಬೇಕಿತ್ತು. ಚೆನ್ನಬಸಮ್ಮ ಗಂಡನಿಲ್ಲದೆ ಒಬ್ಬರೇ ಹೊಲ ಮಾಡಿಸುತ್ತಿದ್ದ ಮುದುಕಿ. ನಾಲ್ಕು ದಿನದ ಕೆಲಸ. ಗುರುವಾರ ನೀರು ಕಾಣಿಸಿ, ಶುಕ್ರವಾರ ಸೆಟ್ಟು ಕಂಪ್ಲಿಗೆ ಮುಟ್ಟಿಸಿ, ಶನಿವಾರ ಬುಕ್ಕಸಾಗರ ಸೇರುವುದೆಂದು ಅವನು ನನಗೆ ಬೆರಳು ಮಡಿಸಿ ಲೆಕ್ಕ ಹೇಳಿದ್ದ.

ಸೋಮವಾರ ಬೆಳಿಗ್ಗೆ ಗಂಗೆ ಪೂಜೆ, ನಾನೂ ಹೋಗಿದ್ದೆ. ಚೆನ್ನಬಸಮ್ಮ ಬೈರಿಗೆಗೆ ವಿಭೂತಿ ಬಳಿದು, ಅರಿಷಿಣ ಕುಂಕುಮ ಇಟ್ಟು, ಎಡೆ ತೋರಿಸಿದರು. ಪೂಜೆ ಮುಗಿಸಿ ಇವನು ಎಣ್ಣೆಯ ಗಿಂಡಿಗೆ ಕೈ ಹಾಕಿದಾಗ ತಡೆದರು. ಎರಡು ವರ್ಷದ ಹಿಂದೆ ಅವರ ಇನ್ನೊಂದು ಬಾವಿಯನ್ನು ಯಾರೋ ಎಣ್ಣೆ ಸುರಿದು ಕೊರೆದಿದ್ದರಂತೆ, ಅದು ಒಣಗಿಯೇ ಹೋಯಿತಂತೆ.

"ಗಂಗವ್ವ ಬರೋ ದಾರಿಗೆ ಎಣ್ಣಿ ಹಚ್ಚಬ್ಯಾಡಪ್ಪ. ಎಣ್ಣಿಗೂ ನೀರಿಗೂ ಎಂದಾರ ಕೂಡಿತೇನು? ನೀರು ಕಾಣೋತನ ಎಣ್ಣಿ ಮುಟ್ಟಂಗಿಲ್ಲ ಅಂತ ಮಾತು ಕೊಟ್ಟು ಇಳಿಸು."

ಅವನು ಬಿಡಿಸಿ ಹೇಳಿ ನೋಡಿದ. ಅವರು ಬೈರಿಗೆಗೆ ಅಡ್ಡವಾಗಿ ಕೂತುಬಿಟ್ಟರು. ಬಿಸಿಲು ಏರುತ್ತಿತ್ತು. ಅವನು ನನ್ನ ಕಡೆ ನೋಡಿದ. ವಾದ ಮಾಡಿದರೆ ಒಂದು ದಿನ ಹೋಗುತ್ತದೆ, ನಿನಗಿರುವ ದಿನಗಳೇ ಅಷ್ಟು, ಒಪ್ಪಿಕೋ ಎಂದೆ. ಹೇಳಿದ್ದು ನಾನು. ಅವನು ಮುದುಕಿಯ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟ.

ಮೊದಲ ಎರಡು ದಿನ ಮೇಲಿನ ಗರಸು ಮಣ್ಣು, ತೊಂದರೆಯಾಗಲಿಲ್ಲ. ಬುಧವಾರ ಬೆಳಿಗ್ಗೆ ಹಳದಿ ಜೇಡಿ ಸಿಕ್ಕಿತು. ಎಣ್ಣೆಯಿಲ್ಲದ ಅಲಗನ್ನು ಅದು ಮೇಣದಂತೆ ಹಿಡಿಯಿತು. ಒಂದು ಎತ್ತಿಗೆ ಮೊದಲು ಹಿಡಿಯುತ್ತಿದ್ದ ಹೊತ್ತಿನ ಮೂರು ಪಟ್ಟು ಕೊಂಬಿನಿಂದ ಕೆರೆಯುವುದಕ್ಕೇ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ, ಬಾವಿಯ ತಳದಿಂದ ನಲವತ್ತು ಅಡಿ ಕೆಳಗೆ, ಬೈರಿಗೆ ನಿಂತಿತು. ನಾಲ್ಕು ಜನ ಎತ್ತಿದರೆ ಬರಲಿಲ್ಲ. ಸನ್ನೆಗೋಲು ಹಾಕಿದರು, ಬರಲಿಲ್ಲ.

ನಾನು ಶಾಲೆ ಮುಗಿಸಿ ಹೋದಾಗ ಅವನು ಅಡ್ಡಹಿಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ತಳದಲ್ಲಿ ನಿಂತಿದ್ದ. ಅರ್ಧ ಅಂಗುಲ ಮುಂದಕ್ಕೆ, ಅರ್ಧ ಅಂಗುಲ ಹಿಂದಕ್ಕೆ ಆಡಿಸುತ್ತಿದ್ದ. ಹೀಗೆ ಗಳಿಗೆಗೊಮ್ಮೆ ಆಡಿಸುತ್ತಲೇ ಇರಬೇಕು, ಬಿಟ್ಟರೆ ಮಣ್ಣು ಮೈಗೆ ಮೈ ಹತ್ತಿ ಕಬ್ಬಿಣ ಶಾಶ್ವತವಾಗಿ ಹೋಗುತ್ತದೆ ಎಂದ. ಆಳುಗಳ ಕೈಗೆ ಬಿಟ್ಟರೆ ಜೋರು ಮಾಡಿ ಸರಳು ಮುರಿಯುತ್ತಾರೆ. ನೀರು ಹಾಕಿದರೆ ಜೇಡಿ ಇನ್ನೂ ಉಬ್ಬುತ್ತದೆ. ಬಿಸಿ ಎಣ್ಣೆಯೊಂದೇ ಸರಳಿನ ಗುಂಟ ಇಳಿದು ಮಣ್ಣನ್ನು ಬಿಡಿಸಬಲ್ಲುದು. ಎಣ್ಣೆಗೆ ಅವನ ಮಾತೇ ಅಡ್ಡ, ಬಾವಿ ಹತ್ತಿ ಹೋಗುವುದಕ್ಕೆ ಅವನ ಆಣೆಯೇ ಅಡ್ಡ.

ಅಲ್ಲೇ ಉಂಡ, ಗೋಣಿ ಹಾಸಿಕೊಂಡು ಅಲ್ಲೇ ಮಲಗಿ, ರಾತ್ರಿಯೂ ಎದ್ದೆದ್ದು ಆಡಿಸಿದ. ಚೆನ್ನಬಸಮ್ಮ ಎರಡು ಹೊತ್ತೂ ರೊಟ್ಟಿಯ ಗಂಟನ್ನು ಹಗ್ಗದಲ್ಲಿ ಇಳಿಬಿಡುತ್ತಿದ್ದರು. ಗುರುವಾರ ನಾನು ಎಣ್ಣೆಯ ಮಾತೆತ್ತಿದೆ. ಅವರು ಸೆರಗು ಸರಿ ಮಾಡಿಕೊಂಡು, ಮಾತು ಕೊಟ್ಟವನು ಅವನು, ಗಂಗವ್ವನ ಎದುರಿಗೆ ಕೊಟ್ಟಿದ್ದಾನೆ, ಬಿಡಿಸಲು ನಾನು ಯಾರು ಎಂದರು. ಕೆಟ್ಟ ಹೆಂಗಸಲ್ಲ. ಒಣಗಿದ ಬಾವಿಯ ಭಯ ಅವರನ್ನು ಹಿಡಿದಿತ್ತು.

ಶುಕ್ರವಾರ ಶಾಲೆಗೆ ರಜೆ ಹಾಕಿ ಕಂಪ್ಲಿಗೆ ನಡೆದೆ. ತೋಟಪ್ಪನವರು ಗಿರಣಿಯಲ್ಲಿ ತೌಡಿನ ಧೂಳಿನ ನಡುವೆ ಕೂತಿದ್ದರು. ಒಂದು ದಿನದ ಮಟ್ಟಿಗೆ ಅವನನ್ನು ಬಿಡಿ, ಬುಕ್ಕಸಾಗರಕ್ಕೆ ಹೋಗಿ ಮಡೆ ತಿರುಗಿಸಿ ಬಂದುಬಿಡುತ್ತಾನೆ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. ಮಜ್ಜಿಗೆ ತರಿಸಿ ಕೊಟ್ಟರು.

"ಹಿಂದಿನಾವನೂ ಒಂದ ದಿನ ಅಂತನ ಹೋಗಿದ್ದ ಮೇಷ್ಟ್ರ. ಇನ್ನೂ ಏಳು ಊರಿನವ್ರು ಈ ಸೆಟ್ಟಿನ ದಾರಿ ನೋಡಕಂತ ಕುಂತಾರ. ಎತ್ತಿ ಕೊಟ್ಟು ಹೋಗು ಅನ್ರಿ. ಎತ್ತಿದ ಮ್ಯಾಲೆ ಅವನ್ನ ಯಾರು ಹಿಡಕಂತಾರ?"

ಅಲ್ಲಿಂದಲೇ ಬುಕ್ಕಸಾಗರದ ಗಾಡಿಯವನೊಬ್ಬನ ಕೈಯಲ್ಲಿ ಹಂಪಮ್ಮನಿಗೆ ಸಮಾಚಾರ ಹೇಳಿ ಕಳಿಸಿದೆ. ಶನಿವಾರ ಸಂಜೆ ಅದೇ ಗಾಡಿಯವನು ಉತ್ತರ ತಂದ. ಮಾವ ಒಂದು ದಿನವೂ ಕಾಯುವುದಿಲ್ಲ ಎನ್ನುತ್ತಾನೆ, ಕಬ್ಬಿಣ ದೊಡ್ಡದೋ ನಾನು ದೊಡ್ಡವಳೋ ಕೇಳಿ ಎಂದಿದ್ದಳು. ನಾನು ಬಾವಿಯ ಅಂಚಿಗೆ ಕೂತು ಅದನ್ನು ಇದ್ದಂತೆ ಹೇಳಿದೆ.  ಕೆಳಗೆ ಅಡ್ಡಹಿಡಿ ಕಿರ್ರೆಂದು ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು. ಆಮೇಲೆ, ಪುಸ್ತಕ ತಂದಿದ್ದರೆ ಸ್ವಲ್ಪ ಓದಿ ಎಂದ. ಓದಿದೆ. ಏನು ಓದಿದೆ ಎಂಬುದು ಈಗ ನೆನಪಿಲ್ಲ. ನನ್ನ ದನಿ ಬಾವಿಯ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಅವನು ಒಂದು ಸಲವೂ ಹೂಂಗುಡಲಿಲ್ಲ.

ಭಾನುವಾರ ಬೆಳಿಗ್ಗೆ ರೊಟ್ಟಿಯ ಗಂಟು ಇಳಿದು ಬಹಳ ಹೊತ್ತಾದರೂ ಹಗ್ಗ ಸಡಿಲಾಗಲಿಲ್ಲ. ಚೆನ್ನಬಸಮ್ಮ ಬಗ್ಗಿ ನೋಡಿದರು. ಅವನು ಹಲ್ಲಿನಿಂದ ಗಂಟು ಬಿಚ್ಚುತ್ತಿದ್ದ. ಅಂಗೈಯ ಬೊಕ್ಕೆಗಳೆಲ್ಲ ಒಡೆದು ಬೆರಳು ಮಡಿಸಲು ಬರುತ್ತಿರಲಿಲ್ಲ. ಅವರು ಮನೆಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಮನೆಯ ಎಣ್ಣೆಗಡಿಗೆ ಇತ್ತು, ಕಾಸಿದ್ದು, ಅರಿವೆ ಸುತ್ತಿ ಹಿಡಿದುಕೊಂಡಿದ್ದರು.

"ಗಂಗವ್ವಗ ನಾ ಹೇಳ್ಕಂತೀನಿ. ಆಕಿ ಸಿಟ್ಟಾದ್ರ ನನ್ನ ಮ್ಯಾಲೆ ಆಗ್ಲಿ. ನೀ ಹಾಕು ಮಗನ."

ಎಣ್ಣೆ ನಲವತ್ತು ಅಡಿ ಇಳಿಯಬೇಕು. ಸುರಿದು, ಆಡಿಸಿ, ಕಾದು, ಮತ್ತೆ ಸುರಿಯಬೇಕು. ಭಾನುವಾರ ಅರ್ಧ ಅಂಗುಲ ಇದ್ದ ಆಟ ಎರಡು ಅಂಗುಲವಾಯಿತು. ಸೋಮವಾರ ಸಂಜೆಗೆ ಕಾಲು ಸುತ್ತು. ಸೋಮವಾರ ಮಧ್ಯಾಹ್ನ ಅವನು ಒಮ್ಮೆ ತಲೆಯೆತ್ತಿ, ಬಿಸಿಲು ಎಲ್ಲಿಗೆ ಬಂತು ಎಂದು ಕೇಳಿದ. ನೆತ್ತಿಯ ಮೇಲೆ ಎಂದೆ. ಹಾಗಾದರೆ ಈಗ ಕಾಲುವೆಯ ನೀರು ತೂಬು ದಾಟಿರುತ್ತದೆ ಎಂದ. ಅಷ್ಟೇ. ಮತ್ತೆ ಗಿಂಡಿಗೆ ಎಣ್ಣೆ ಬಗ್ಗಿಸಿಕೊಂಡ.

ಮಂಗಳವಾರ ಇಳಿಹೊತ್ತಿನಲ್ಲಿ ಬೈರಿಗೆ ಮೇಲೆ ಬಂತು. ಅಲಗು ಕಾಣುತ್ತಿರಲಿಲ್ಲ. ಈರುಳ್ಳಿಯ ಹಾಗೆ ಪದರದ ಮೇಲೆ ಪದರ ಕೂತು ಕೊಡದಷ್ಟು ದಪ್ಪ ಮಣ್ಣು. ಆಳುಗಳು ಸಂತೋಷದಿಂದ ಕೂಗಿದರು. ಅವನು ಅಲ್ಲೇ ಕೂತು ಕೊಂಬಿನಿಂದ ಒಂದೊಂದೇ ಪದರ ಬಿಡಿಸಿದ, ಒರೆಸಿದ, ಎಣ್ಣೆ ಹಚ್ಚಿ ಗೋಡೆಗೆ ಒರಗಿಸಿದ. ಆಮೇಲೆ ಬಾವಿ ಹತ್ತಿ ಬಂದ. ಆರು ದಿನದ ನಂತರದ ಬಯಲಿನ ಬೆಳಕಿಗೆ ಕಣ್ಣು ಬಿಡಲಾರದೆ ಬೇವಿನ ಮರಕ್ಕೆ ಹಣೆ ಕೊಟ್ಟು ನಿಂತ.

ಬುಧವಾರ ಬೆಳಿಗ್ಗೆ ಇಬ್ಬರೂ ಬುಕ್ಕಸಾಗರಕ್ಕೆ ಹೊರಟೆವು. ಅರ್ಧ ದಿನದ ದಾರಿ. ಹೋಗಿ ಏನು ಪ್ರಯೋಜನ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ತಡೆಯಲಾರದೆ, ಅವತ್ತು ಒಪ್ಪಿಕೋ ಎಂದು ನಾನು ಹೇಳಬಾರದಾಗಿತ್ತು ಎಂದೆ. ಅವನು ನಡೆಯುವುದನ್ನು ನಿಲ್ಲಿಸಿದ.

"ಎಣ್ಣಿ ಇಲ್ದಿದ್ರೂ ಬರ್ತಿತ್ತು ಮೇಷ್ಟ್ರ, ತಡ ಆಗ್ತಿತ್ತು ಅಷ್ಟ. ಹೋದ ಬುಧವಾರ ನಾಕರ ಬದ್ಲಿ ಆರು ಸುತ್ತಿಸಿದೆ. ಗದ್ದಿ ಕಣ್ಣಾಗ ಬಂದಿತ್ತು. ತಪ್ಪು ಅಮ್ಮಾರದ್ದಲ್ಲ, ನಿಮ್ದೂ ಅಲ್ಲ. ಆ ಎರಡು ಸುತ್ತು ನನ್ವು."

ಮಧ್ಯಾಹ್ನಕ್ಕೆ ಬುಕ್ಕಸಾಗರ ಮುಟ್ಟಿದೆವು.

ಗದ್ದೆಯಲ್ಲಿ ಅರ್ಧದಷ್ಟು ನಾಟಿ ಆಗಿತ್ತು. ಯಾರದೋ ಎತ್ತುಗಳು ಉಳಿದರ್ಧವನ್ನು ತುಳಿಯುತ್ತಿದ್ದವು. ಎರ್ರಿಯಪ್ಪ ಬದುವಿನ ಮೇಲೆ ಕೂತಿದ್ದ. ಎದ್ದು ನಿಂತು, ಸೋಮವಾರ ಹೊತ್ತು ಮುಳುಗುವ ತನಕ ಕಾಲುವೆಯ ದಾರಿಯನ್ನೇ ನೋಡಿದೆನಪ್ಪ, ಗದ್ದೆ ಕಾಯುವುದಿಲ್ಲ ಎಂದ. ಅದರಲ್ಲಿ ಚುಚ್ಚುಮಾತಿರಲಿಲ್ಲ. ಆ ಗದ್ದೆಯಲ್ಲೇ ಕೂಲಿ ಹೆಣ್ಣಾಳುಗಳ ಸಾಲಿನಲ್ಲಿ ಹಂಪಮ್ಮ ಬಗ್ಗಿ ಸಸಿ ಊರುತ್ತಿದ್ದಳು. ತಲೆಯೆತ್ತಿ ಗಂಡನನ್ನು ನೋಡಿದಳು. ಅವಳು ಬೈಯುತ್ತಾಳೆ ಎಂದು ನಾನು ಕಾದೆ. ಅವಳ ಕಣ್ಣು ಅವನ ಅಂಗೈಗೆ ಹೋಯಿತು.

"ಕೈ ತೊಳಕಂಡು ಬಾ" ಎಂದಳು.

ಅವನು ಕಾಲುವೆಗೆ ಇಳಿದು ಕೈ ಅದ್ದಿದ. ಮೂರು ದಿನ ಎಣ್ಣೆಯಲ್ಲಿ ನೆಂದ ಕೈ, ನೀರು ನಿಲ್ಲದೆ ಹನಿಹನಿಯಾಗಿ ಉದುರಿಹೋಯಿತು. ದಂಡೆಯ ಮರಳು ತಿಕ್ಕಿಕೊಂಡ. ಬೊಕ್ಕೆ ಒಡೆದ ಅಂಗೈಗೆ ಮರಳು ತಿಕ್ಕುವುದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ. ಆಮೇಲೆ ಅವನು ಕೆಸರಿಗಿಳಿದು ಹೆಂಡತಿಯ ಪಕ್ಕದಲ್ಲಿ ನಿಂತು, ಅವಳು ಕೊಟ್ಟ ಸಸಿ ಹಿಡಿದು, ಸಂಜೆಯ ತನಕ ಇನ್ನೊಬ್ಬನ ಗದ್ದೆಗೆ ನಾಟಿ ಹಾಕಿದ. ಮರುದಿನ ಬೆಳಿಗ್ಗೆ ಮೆಟ್ರಿಗೆ ಹೊರಟ. ಈ ಸಲ ಹಂಪಮ್ಮನೂ ಗಂಟು ಕಟ್ಟಿಕೊಂಡು ಜೊತೆಗೆ ಬಂದಳು.

ಚೆನ್ನಬಸಮ್ಮನವರ ಬಾವಿಯಲ್ಲಿ ಶನಿವಾರ ಮರಳು ಸಿಕ್ಕಿತು. ಮೊಣಕಾಲುದ್ದ ನೀರು ಬಂತು. ಅವರು ಮೊದಲ ತಂಬಿಗೆ ನೀರನ್ನು ಬೈರಿಗೆಗೆ ಎರೆದರು. ಅಲಗಿನ ಮೇಲೆ ಎಣ್ಣೆಯಿತ್ತು. ನೀರು ಜಾರಿ ಕೆಳಗೆ ಹೋಯಿತು. ಅವರು ಕೈಮುಗಿದರು.

ಅದಾದ ಮೇಲೆ ಒಂಬತ್ತು ವರ್ಷ ಅವನು ಅದೇ ಸೆಟ್ಟಿನ ಜೊತೆ ಊರೂರು ತಿರುಗಿದ. ಗದ್ದೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ, ಗದ್ದೆ ಕೊಡುತ್ತೇನೆಂದು ಬರುವವರೂ ಇರಲಿಲ್ಲ. ಹಂಪಮ್ಮ ಬಾವಿದಂಡೆಯ ಗುಡಿಸಲುಗಳಲ್ಲಿ ಒಲೆ ಹೂಡಿದಳು. ಔಡಲೆಣ್ಣೆ ಕಾಸುವುದು ಅವಳ ಕೆಲಸವಾಯಿತು. ಪ್ರತಿವರ್ಷ ಕಾರಹುಣ್ಣಿಮೆಯ ನಂತರ ಹದಿನೈದು ದಿನ ಬುಕ್ಕಸಾಗರಕ್ಕೆ ಹೋಗಿ ಕೂಲಿಗೆ ನಾಟಿ ಹಾಕಿ ಬರುತ್ತಿದ್ದಳು. ಅವನು ಹೋಗುತ್ತಿರಲಿಲ್ಲ. ಬಿಟ್ಟುಬಿಡಬಾರದೇ ಈ ಕೆಲಸ ಎಂದು ನಾನು ಎರಡು ಮೂರು ಸಲ ಕೇಳಿದೆ. ಈಗ ಕಬ್ಬಿಣ ಹೊರಗೆ ಇದ್ದಾಗಲೂ ಕಾಲು ಬರುವುದಿಲ್ಲ ಎಂದ. ನಾನು ವರ್ಗವಾಗಿ ಹೊಸಪೇಟೆಗೆ ಬಂದ ಮೇಲೆ ನೋಡುವುದು ಕಡಿಮೆಯಾಯಿತು. ಬಂದಾಗಲೆಲ್ಲ ಒಡೆದ ಸ್ಲೇಟುಗಳನ್ನು ಚೀಲದಲ್ಲಿ ಕಟ್ಟಿ ಕೊಡುತ್ತಿದ್ದೆ. ಈಗಲೂ ಮೂಲೆಯಲ್ಲಿ ಒಂದು ಚೀಲ ಇದೆ.

ದರೋಜಿಯಲ್ಲಿ ನಾನು ಮೂರು ದಿನ ಇದ್ದೆ. ಮೂರನೆಯ ದಿನ ಗಿರಣಿಯ ಗಾಡಿ ಸೆಟ್ಟು ಒಯ್ಯಲು ಬಂತು. ಬೈರಿಗೆ ಗುಡಿಸಲಿನ ಗೋಡೆಗೆ ಒರಗಿತ್ತು. ಜ್ವರ ಬರುವ ದಿನ ಬೆಳಿಗ್ಗೆ ಅವನೇ ಎತ್ತಿ, ಬಳಿದು, ಎಣ್ಣೆ ಹಚ್ಚಿ ನಿಲ್ಲಿಸಿದ್ದನಂತೆ. ಮೇಲೆ ತೆಳ್ಳಗೆ ಧೂಳು ಕೂತಿತ್ತು. ಗಾಡಿಯವನು ಅದಕ್ಕೆ ಕೈ ಹಾಕಿದಾಗ ಹಂಪಮ್ಮ ತಡಿ ಎಂದಳು. ಒಳಗಿನಿಂದ ಎಣ್ಣೆ ತಂದಳು. ಅವನ ತಲೆರುಮಾಲಿನಿಂದ ಅಲಗನ್ನು ತುದಿಯಿಂದ ಬುಡದ ತನಕ ಒರೆಸಿದಳು, ಎಣ್ಣೆ ಹಚ್ಚಿದಳು. ಕೊಂಬಿನ ತುಂಡನ್ನು ಸರಳುಗಳ ಕಟ್ಟಿಗೆ ಸೇರಿಸಿ ಬಿಗಿದಳು. ಅದನ್ನು ಇಟ್ಟುಕೊಳ್ಳಬಾರದೇ ಎಂದು ನಾನು ಕೇಳಿದೆ. ತಲೆಯಲ್ಲಾಡಿಸಿದಳು.

ಗಾಡಿ ಹೊರಡುವಾಗ ಅವಳು ಗಾಡಿಯವನ ಹತ್ತಿರ ಹೋಗಿ ನಿಂತಳು.

"ಹೊಸಾ ಆಳು ಬರ್ತಾನಲ್ಲ, ಅವಂಗ ಹೇಳಪ್ಪ. ನಾಕ ಸುತ್ತು. ಏನ ಅವಸರ ಇರ್ಲಿ, ನಾಕ."

ಗಾಡಿಯವನು ಆಗಲಿ ಎಂದು ಎತ್ತು ಹೊಡೆದ. ಹಂಪಮ್ಮ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿ ಒಲೆಯ ಕಲ್ಲುಗಳನ್ನು ಕಿತ್ತಳು. ನಾನು ಅವಳನ್ನು ಬುಕ್ಕಸಾಗರದ ತನಕ ಬಿಟ್ಟು ಬಂದೆ.